ಮರವೆಂಬ ಶಬ್ದದ ಬೇರು: ಸೆಮಿಟಿಕ್ ಮೂಲರೂಪದ ಪುನಾರಚನೆಯೂ ಶಬ್ದಸಾಮ್ಯದ ಇತಿಹಾಸವೂ

ಪ್ರಾಚೀನ ಜನಾಂಗಗಳ ಪರಸ್ಪರ ಸಂಬಂಧವನ್ನು ನಿರ್ಣಯಿಸುವಾಗ ಶಾಸನ, ನಾಣ್ಯ, ಅವಶೇಷಗಳ ಜೊತೆಗೆ ಶಬ್ದಗಳನ್ನೂ ಸಾಕ್ಷ್ಯವಾಗಿ ಬಳಸುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ಪದ್ಧತಿಯಲ್ಲಿ ತಪ್ಪಿಲ್ಲ. ಬರಹವಿಲ್ಲದ ಕಾಲದ ಸಂಗತಿಗಳನ್ನು ತಿಳಿಯಲು ಎಷ್ಟೋ ವೇಳೆ ಶಬ್ದಗಳ ಹೊರತು ಬೇರೆ ಆಧಾರವೇ ದೊರೆಯುವುದಿಲ್ಲ. ಆದರೆ ಇದರ ಜೊತೆಯಲ್ಲಿಯೇ ಇನ್ನೊಂದು ವಾಡಿಕೆಯೂ ಬೆಳೆದುಬಂದಿದೆ. ಎರಡು ಭಾಷೆಗಳ ಎರಡು ಶಬ್ದಗಳು ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದರೆ ಸಾಕು, ಆ ಜನರು ಒಂದೇ ಮೂಲದವರೆಂದೋ, ಒಬ್ಬರ ಹಡಗು ಇನ್ನೊಬ್ಬರ ಬಂದರಿಗೆ ಬಂದಿತ್ತೆಂದೋ ಬರೆದುಬಿಡುವುದು ಆ ವಾಡಿಕೆ. ಸೊಲೊಮನ್ ಅರಸನ ದೇವಾಲಯಕ್ಕೆ ನಮ್ಮ ಸೀಮೆಯ ಶ್ರೀಗಂಧ ಹೋಯಿತೆಂಬ ಮಾತು ಈ ವಾಡಿಕೆಯ ಫಲ. ಗಂಧದ ನಾಡೆಂದು ಹೆಸರಾದ ಮಲೆನಾಡಿನಲ್ಲಿ ಇದು ಬಹಳ ಪ್ರಿಯವಾದ ಮಾತಾಗಿರುವುದು ಸಹಜವೇ. ಪ್ರಿಯವಾದುದರಿಂದಲೇ ಅದನ್ನು ಪರೀಕ್ಷಿಸುವುದು ಅಧ್ಯಾಪಕರ ಕರ್ತವ್ಯವೂ ಆಗುತ್ತದೆ.

ಈ ಲೇಖನದಲ್ಲಿ ನಾವು ಮರವನ್ನು ಹೇಳುವ ಎರಡು ಶಬ್ದಗಳನ್ನು ಎದುರುಬದುರಾಗಿ ಇಟ್ಟು ನೋಡುತ್ತೇವೆ. ಮೊದಲನೆಯದು ‘ಮರ’, ‘ಮರಮಟ್ಟು’ ಎಂಬ ಅರ್ಥದ ಪ್ರಾಚೀನ ಸೆಮಿಟಿಕ್ ಶಬ್ದ. ಒಂದಕ್ಕೊಂದು ಹೋಲದ ರೂಪಗಳಿಂದ ವಿದ್ವಾಂಸರು ಅದನ್ನು ಪುನಾರಚಿಸಿದ್ದಾರೆ. ಎರಡನೆಯದು ಹೀಬ್ರೂ ಗ್ರಂಥದ ‘ಅಲ್ಮುಗ್’. ತೋರಿಕೆಯ ಹೋಲಿಕೆಯಿಂದ ಅದು ನಮ್ಮದೆನಿಸಿತು. ಹೋಲದ ಶಬ್ದಗಳು ಒಂದೇ ಆಗಿರಬಹುದು, ಹೋಲುವ ಶಬ್ದಗಳು ಬೇರೆಯಾಗಿರಬಹುದು ಎಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆಂದು ನಮ್ಮ ಅಭಿಪ್ರಾಯ.

೧. ಸೆಮಿಟಿಕ್ ಭಾಷೆಗಳಲ್ಲಿ ‘ಮರ’

ಸೆಮಿಟಿಕ್ ಕುಟುಂಬದ ಭಾಷೆಗಳಲ್ಲಿ ಕಂಠದ ಆಳದಿಂದ ಹೊರಡುವ ‘ಅಯಿನ್’ ಎಂಬ ವ್ಯಂಜನವುಂಟು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲವಾದ್ದರಿಂದ ಇಲ್ಲಿ (ʻ) ಎಂಬ ಚಿಹ್ನೆಯಿಂದ ಸೂಚಿಸುತ್ತೇವೆ. ಪುನಾರಚಿತ ರೂಪಗಳಿಗೆ ರೂಢಿಯಂತೆ ನಕ್ಷತ್ರಚಿಹ್ನೆಯನ್ನು ಹಚ್ಚಿದ್ದೇವೆ. ಮರ ಅಥವಾ ಮರಮಟ್ಟು ಎಂಬರ್ಥದ ರೂಪಗಳು ಹೀಗಿವೆ:

ಅಕ್ಕಾಡಿಯನ್: ಇಸು
ಉಗಾರಿಟಿಕ್, ಫಿನೀಷಿಯನ್: ʻಸ್ (ಸ್ವರಗಳನ್ನು ಬರೆಯುವುದಿಲ್ಲ)
ಹೀಬ್ರೂ: ʻಏಸ್
ಪ್ರಾಚೀನ ಅರಾಮಿಕ್: ʻಕ್ (ಸ್ವರಗಳನ್ನು ಬರೆಯುವುದಿಲ್ಲ)
ಬೈಬಲಿನ ಅರಾಮಿಕ್: ಆʻ
ದಕ್ಷಿಣ ಅರೇಬಿಯದ ಸಬಾ ಶಾಸನಗಳು: ʻದ್
ಇಥಿಯೋಪಿಯದ ಗೀಜ್: ʻಎದ್
ಅರಬ್ಬಿ: ʻಇದಾಹ್ (ಮುಳ್ಳುಮರಗಳು)

ಇಲ್ಲಿಯ ಸಕಾರ, ದಕಾರ, ಕಕಾರಗಳು ನಮ್ಮ ಸಾಮಾನ್ಯ ಧ್ವನಿಗಳಲ್ಲ; ಆ ಭಾಷೆಗಳಲ್ಲಿ ಒತ್ತಿ ನುಡಿಯುವ ಘನವ್ಯಂಜನಗಳು. ಆದರೂ ಕಿವಿಯನ್ನು ಮಾತ್ರ ನಂಬುವವನು ‘ಇಸು’, ‘ʻಕ್’, ‘ಆʻ’ ಎಂಬ ಮೂರನ್ನು ಒಂದೇ ಶಬ್ದವೆಂದು ಒಪ್ಪುವುದು ಕಷ್ಟ. ಅವುಗಳಲ್ಲಿ ಮೂರಕ್ಕೂ ಸಾಮಾನ್ಯವಾದ ಒಂದು ವ್ಯಂಜನವೂ ಇಲ್ಲ. ಒಪ್ಪಬೇಕಾಗುವುದು ಇದೇ ವ್ಯತ್ಯಾಸ ಬೇರೆ ಶಬ್ದಗಳಲ್ಲಿಯೂ ಕ್ರಮವಾಗಿ ಪುನರಾವೃತ್ತವಾಗುವುದರಿಂದ. ‘ಭೂಮಿ’ ಎಂಬ ಶಬ್ದವನ್ನು ನೋಡೋಣ. ಹೀಬ್ರೂವಿನಲ್ಲಿ ಅದು ‘ಎರೆಸ್’, ಅಕ್ಕಾಡಿಯನ್ನಿನಲ್ಲಿ ‘ಎರ್ಸೆತು’, ಅರಬ್ಬಿಯಲ್ಲಿ ‘ಅರ್ದ್’, ಪ್ರಾಚೀನ ಅರಾಮಿಕ್‌ನಲ್ಲಿ ‘ಅರ್ಕ್’, ಅನಂತರದ ಅರಾಮಿಕ್‌ನಲ್ಲಿ ‘ಅರʻ’. ಮರದ ಶಬ್ದದಲ್ಲಿ ಕಂಡ ಸ-ದ-ಕ-ʻ ಎಂಬ ಸಾಲೇ ಇಲ್ಲಿಯೂ ಅದೇ ಅದೇ ಭಾಷೆಗಳಲ್ಲಿ ಕಾಣುತ್ತದೆ. ಅರಾಮಿಕ್‌ನ ಎರಡು ರೂಪಗಳಂತೂ ಬೈಬಲಿನ ಯೆರೆಮೀಯನ ಗ್ರಂಥದ ಹತ್ತನೆಯ ಅಧ್ಯಾಯದ ಹನ್ನೊಂದನೆಯ ವಚನವೊಂದರಲ್ಲೇ ಜೊತೆಜೊತೆಯಾಗಿ ಬಂದಿವೆ. ಹಳೆಯ ಧ್ವನಿ ಹೊಸ ಧ್ವನಿಗೆ ಎಡೆಗೊಡುತ್ತಿದ್ದ ಸಂಧಿಕಾಲಕ್ಕೆ ಇದಕ್ಕಿಂತ ಮೇಲಾದ ಸಾಕ್ಷ್ಯ ಬೇಕಾಗಿಲ್ಲ.

ಕಕಾರವುಳ್ಳ ರೂಪಕ್ಕೆ ಕಾಲನಿರ್ದೇಶವಿರುವ ಸಾಕ್ಷ್ಯವೂ ಉಂಟು. ಈಜಿಪ್ಟಿನ ನೈಲ್ ನದಿಯ ಎಲಿಫಾಂಟೀನ್ ದ್ವೀಪದಲ್ಲಿ ನೆಲೆಸಿದ್ದ ಯೆಹೂದಿ ದಂಡಿನವರು ಕ್ರಿ.ಪೂ. ೪೦೭ರಲ್ಲಿ ಯೆಹೂದದ ರಾಜ್ಯಪಾಲನಿಗೆ ಅರಾಮಿಕ್ ಭಾಷೆಯಲ್ಲಿ ಒಂದು ವಿಜ್ಞಾಪನೆಯನ್ನು ಬರೆದರು. ತಮ್ಮ ದೇವಾಲಯವನ್ನು ಕೆಡವಿ, ದೇವದಾರು ಮರದ ಚಾವಣಿಯನ್ನು ಸುಟ್ಟರೆಂದು ಅದರಲ್ಲಿ ದೂರಿಕೊಂಡಿದ್ದಾರೆ. ಮರಕ್ಕೆ ಅಲ್ಲಿ ಬಳಸಿರುವುದು ಕಕಾರದ ರೂಪವನ್ನೇ. ಬೈಬಲಿನ ಎಜ್ರ ಮತ್ತು ದಾನಿಯೇಲ ಗ್ರಂಥಗಳ ಅರಾಮಿಕ್ ಭಾಗಗಳಲ್ಲಿ ಇದೇ ಶಬ್ದ ‘ಆʻ’ ಆಗಿದೆ. ಕಕಾರ ಅಯಿನ್ ಆದಾಗ ಶಬ್ದದಲ್ಲಿ ಎರಡು ಅಯಿನ್‌ಗಳು ಸೇರಿದವು; ಉಚ್ಚಾರಣೆಯ ಕ್ಲೇಶವನ್ನು ತಪ್ಪಿಸಲು ಮೊದಲನೆಯದು ಸಡಿಲಿತು. ಹೀಗೆ ಸವೆದ ಶಬ್ದ ಹೆಚ್ಚು ಕಾಲ ಬಾಳಲಿಲ್ಲ. ಮುಂದಿನ ಸಿರಿಯಕ್ ಭಾಷೆಯಲ್ಲಿ ಮರಕ್ಕೆ ‘ಈಲಾನಾ’ ಎಂದೂ ಕಟ್ಟಿಗೆಗೆ ‘ಕೈಸಾ’ ಎಂದೂ ಬೇರೆ ಶಬ್ದಗಳು ಬಂದವು.

ಹಾಗಾದರೆ ಈ ಸಾಲಿನ ಮೂಲಧ್ವನಿ ಯಾವುದು? ಅದು ನಾಲಗೆಯ ಪಕ್ಕದಿಂದ ಗಾಳಿ ಹೊರಡುವ ಘನ ಪಾರ್ಶ್ವಿಕಧ್ವನಿಯಾಗಿತ್ತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಬರೆಯುವ ಅನುಕೂಲಕ್ಕಾಗಿ ಅದನ್ನು ‘ಸ್ಲ’ ಎನ್ನೋಣ. ಆಗ ಮೂಲಶಬ್ದ *ʻಇಸ್ಲ್ ಎಂದಾಗುತ್ತದೆ. ಇದು ಬರಿಯ ಊಹೆಯಲ್ಲ. ಎಂಟನೆಯ ಶತಮಾನದ ಅರಬ್ಬಿ ವೈಯಾಕರಣ ಸೀಬವೈಹಿ ತನ್ನ ಭಾಷೆಯ ‘ದಾದ್’ ಅಕ್ಷರವು ನಾಲಗೆಯ ಪಕ್ಕ ಮತ್ತು ದವಡೆಹಲ್ಲುಗಳ ನಡುವೆ ಹುಟ್ಟುತ್ತದೆಂದು ವರ್ಣಿಸಿದ್ದಾನೆ. ಅರಬ್ಬಿಯ ‘ಅಲ್-ಕಾದೀ’ ಎಂಬ ಶಬ್ದ ಸ್ಪೇನಿನಲ್ಲಿ ‘ಅಲ್ಕಾಲ್ದೆ’ ಆದಾಗ ಅಲ್ಲಿ ಲಕಾರವೊಂದು ಕಾಣಿಸಿಕೊಂಡಿತು. ಒಮಾನ್ ಮತ್ತು ಯೆಮನ್‌ಗಳ ಮೆಹ್ರಿ ಮೊದಲಾದ ಭಾಷೆಗಳಲ್ಲಿ ಪಾರ್ಶ್ವಿಕ ಊಷ್ಮಗಳು ಇಂದಿಗೂ ಜೀವಂತವಾಗಿವೆ.

ಈ ಧ್ವನಿಯ ಇನ್ನೊಂದು ಕವಲು ನಮ್ಮ ಕಾಲೇಜುಗಳ ಕಚೇರಿಯಲ್ಲಿಯೇ ಇದೆ. ‘ಹಾಜರಿ’ಯ ಮೂಲವಾದ ಅರಬ್ಬಿಯ ‘ಹಾದಿರ್’, ‘ಅರ್ಜಿ’ಯ ಮೂಲವಾದ ‘ʻಅರ್ದ್’, ‘ರಂಜಾನ್’ಗೆ ಮೂಲವಾದ ‘ರಮದಾನ್’ ಎಲ್ಲವುಗಳಲ್ಲಿಯೂ ಇರುವುದು ಇದೇ ದಾದ್. ಪಾರಸಿಯ ಬಾಯಲ್ಲಿ ಅದು ‘ಜ಼’ ಆಯಿತು, ಕನ್ನಡದಲ್ಲಿ ಜಕಾರವಾಯಿತು. ಅರಬ್ಬಿಯ ಒಂದೇ ಅಕ್ಷರ ಸ್ಪೇನಿನಲ್ಲಿ ‘ಲ್ದ’ವಾಗಿಯೂ ಸಾಗರದಲ್ಲಿ ‘ಜ’ವಾಗಿಯೂ ಕೇಳಿಸುವುದೆಂದ ಮೇಲೆ, ಮೂಲದ ಒಂದು ಧ್ವನಿ ಹೀಬ್ರೂವಿನಲ್ಲಿ ಸಕಾರವೂ ಅರಾಮಿಕ್‌ನಲ್ಲಿ ಕಕಾರವೂ ಆದುದರಲ್ಲಿ ಆಶ್ಚರ್ಯವೇನಿಲ್ಲ.

ಮೊದಲಕ್ಷರವಾದ ಅಯಿನ್ ಅಕ್ಕಾಡಿಯನ್ನಿನಲ್ಲಿ ಮಾತ್ರ ಲೋಪವಾಗಿದೆ. ಆ ಭಾಷೆಯಲ್ಲಿ ಕಂಠ್ಯಧ್ವನಿಗಳು ಸಾಮಾನ್ಯವಾಗಿಯೇ ಅಳಿದವು. ಸುಮೇರಿಯನ್ ಭಾಷೆಯ ದೀರ್ಘ ಸಹವಾಸ ಇದಕ್ಕೆ ಕಾರಣವೆಂದು ಹಲವರ ಮತ. ನಡುವಿನ ಸ್ವರ ಇಕಾರವೆಂಬುದಕ್ಕೆ ಅಕ್ಕಾಡಿಯನ್ ಮತ್ತು ಅರಬ್ಬಿಗಳೆರಡೂ ಸಾಕ್ಷಿ. ಅರಬ್ಬಿ ರೂಪದ ಕೊನೆಯ ಭಾಗ ಅನಂತರ ಸೇರಿದ್ದೆಂದು ಗಣಿಸಲಾಗುತ್ತದೆ.

೨. ನಮ್ಮ ೞಕಾರದ ನಿದರ್ಶನ

ದೂರದ ಭಾಷೆಗಳ ಈ ವಿಚಾರ ವಿದ್ಯಾರ್ಥಿಗಳಿಗೆ ಗಹನವೆನಿಸಿದರೆ ಹಳಗನ್ನಡದ ೞಕಾರವನ್ನು ನೆನೆಯಬಹುದು. ಹೊಸಗನ್ನಡದ ‘ಏಳು’, ‘ಕೋಳಿ’ ಎಂಬ ಶಬ್ದಗಳಿಗೆ ತಮಿಳಿನಲ್ಲಿ ‘ಏೞು’, ‘ಕೋೞಿ’ ಎಂದೂ ತೆಲುಗಿನಲ್ಲಿ ‘ಏಡು’, ‘ಕೋಡಿ’ ಎಂದೂ ರೂಪಗಳುಂಟು. ಕನ್ನಡದ ಳ, ತೆಲುಗಿನ ಡ, ತಮಿಳಿನ ೞ ಎಂಬ ಸಾಲು ಕ್ರಮಬದ್ಧವಾದುದು. ಹಳೆಯ ಶಾಸನಗಳು ದೊರೆಯದೆ ಹೋಗಿದ್ದರೂ, ಕನ್ನಡದಲ್ಲಿ ಮೊದಲು ಬೇರೊಂದು ಧ್ವನಿಯಿತ್ತೆಂದು ಈ ಸಾಲಿನಿಂದಲೇ ಹೇಳಬಹುದಾಗಿತ್ತು. ಸುದೈವದಿಂದ ಶಾಸನಗಳು ದೊರೆತಿವೆ. ಹದಿಮೂರನೆಯ ಶತಮಾನದ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಬೇಕಾಗಿ ಬಂದುದು ಅವನ ಕಾಲಕ್ಕೆ ಜನರ ಬಾಯಲ್ಲಿ ಆ ಭೇದ ಅಳಿಸಿಹೋಗುತ್ತಿದ್ದುದನ್ನು ತೋರಿಸುತ್ತದೆ. ‘ಏಳು’ ಎನ್ನುವ ನಾವು ‘ಎಪ್ಪತ್ತು’ ಎನ್ನುವುದೇಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ‘ಎೞ್ಪತ್ತು’ ಎಂಬಲ್ಲಿ ವ್ಯಂಜನದ ಹಿಂದಿದ್ದ ೞಕಾರ ರೇಫವಾಗಿ, ಕೊನೆಗೆ ಮುಂದಿನ ವ್ಯಂಜನದಲ್ಲಿ ಕರಗಿತು.

ಮರವೆಂಬ ನಮ್ಮ ಶಬ್ದಕ್ಕೂ ಇದೇ ಬಗೆಯ ಚರಿತ್ರೆಯುಂಟು. ತಮಿಳು ಮತ್ತು ಮಲಯಾಳಗಳ ‘ಮರಮ್’, ತುಳು ಮತ್ತು ಕೊಡಗು ನುಡಿಗಳ ‘ಮರ’ ನಮಗೆ ಸುಲಭವಾಗಿ ಗೋಚರವಾಗುತ್ತವೆ. ತೆಲುಗಿನ ‘ಮ್ರಾನು’, ‘ಮಾನು’ ಸ್ವಲ್ಪ ದೂರ. ಛೋಟಾನಾಗಪುರದ ಕುರುಖ್ ಭಾಷೆಯ ‘ಮನ್ನ್’, ರಾಜಮಹಲ್ ಬೆಟ್ಟಗಳ ಮಾಲ್ತೋ ಭಾಷೆಯ ‘ಮನು’ ಮೊದಲ ನೋಟಕ್ಕೆ ಅಪರಿಚಿತವೇ. ಬರೋ ಮತ್ತು ಎಮೆನೋ ಅವರು ೧೯೬೧ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶವು ಇವೆಲ್ಲವನ್ನೂ ಒಂದೇ ಸಂಖ್ಯೆಯ ಕೆಳಗೆ ಸೇರಿಸಿದೆ. ಅಲ್ಲಿಯೂ ಆಧಾರ ಧ್ವನಿಗಳ ಕ್ರಮವೇ ಹೊರತು ಕಿವಿಯ ತೃಪ್ತಿಯಲ್ಲ.

೩. ಅರ್ಥದ ಪುನಾರಚನೆ ಮತ್ತು ಅದರ ಮಿತಿ

ಧ್ವನಿಗಿಂತ ಅರ್ಥವನ್ನು ಪುನಾರಚಿಸುವುದು ಕಷ್ಟತರವಾದ ಕೆಲಸ. ಅಕ್ಕಾಡಿಯನ್, ಹೀಬ್ರೂ, ಗೀಜ್ ಮೂರರಲ್ಲಿಯೂ ಈ ಶಬ್ದಕ್ಕೆ ಬೆಳೆದು ನಿಂತ ಮರ, ಕಡಿದು ತಂದ ಮರಮಟ್ಟು ಎಂಬ ಎರಡು ಅರ್ಥಗಳೂ ಇವೆ. ಕನ್ನಡಿಗರಿಗೆ ಇದು ವಿಚಿತ್ರವಲ್ಲ. ವರದಹಳ್ಳಿಯ ಕಾಡಂಚಿನಲ್ಲಿ ನಿಂತ ಮತ್ತಿಯೂ ಮರವೇ, ಊರೊಳಗಿನ ಬಾಗಿಲುವಾಡವೂ ಮರದ್ದೇ. ಆದ್ದರಿಂದ ಮೂಲ ಸೆಮಿಟಿಕ್ ಭಾಷಿಕರೂ ಎರಡನ್ನೂ ಒಂದೇ ಶಬ್ದದಿಂದ ಹೇಳುತ್ತಿದ್ದರೆಂಬ ನಿರ್ಣಯ ಯುಕ್ತವಾಗಿದೆ.

ಅರಬ್ಬಿಯ ಸಂಗತಿ ಬೇರೆ. ಅಲ್ಲಿ ಮರಕ್ಕೆ ‘ಶಜರ್’, ಮರಮಟ್ಟಿಗೆ ‘ಖಶಬ್’ ಎಂಬ ಶಬ್ದಗಳು ಬಳಕೆಗೆ ಬಂದು, ಹಳೆಯ ಶಬ್ದವು ಮುಳ್ಳುಮರಗಳಿಗೆ ಮಾತ್ರ ಸೀಮಿತವಾಯಿತು. ಇದನ್ನು ಆಧರಿಸಿ, ಸೆಮಿಟಿಕ್ ಜನರ ಮೂಲನಾಡು ಮುಳ್ಳುಮರಗಳ ಮರುಭೂಮಿಯೇ ಆಗಿತ್ತೆಂದು ಯಾರಾದರೂ ವಾದಿಸಿದರೆ ಒಪ್ಪಬಹುದೆ? ಒಪ್ಪಲಾಗದು. ಒಂದು ಕವಲಿನ ಸಂಕುಚಿತಾರ್ಥವನ್ನು ಮೂಲಕ್ಕೆ ಆರೋಪಿಸಿದಂತಾಗುತ್ತದೆ. ಧಾರವಾಡದ ಕಡೆ ದೊಡ್ಡ ಬೇವಿನ ಮರವನ್ನೂ ‘ಬೇವಿನ ಗಿಡ’ ಎನ್ನುತ್ತಾರೆ; ನಮ್ಮಲ್ಲಿ ಗಿಡವೆಂದರೆ ಚಿಕ್ಕದು. ಅಲ್ಲಿ ‘ಕಟ್ಟಿಗೆ’ಯಿಂದ ಬಾಗಿಲನ್ನೂ ಮಾಡುತ್ತಾರೆ; ಮಲೆನಾಡಿನಲ್ಲಿ ಕಟ್ಟಿಗೆಯ ಸ್ಥಾನ ಒಲೆ, ಬಾಗಿಲಿಗೆ ಬೇಕಾದದ್ದು ‘ನಾಟಾ’. ಕೆಲವೇ ದಿನಗಳ ಕಾಲ್ದಾರಿಯ ಅಂತರದಲ್ಲಿ ಅರ್ಥ ಇಷ್ಟು ಸರಿಯುವುದಾದರೆ, ಸಹಸ್ರಾರು ವರ್ಷಗಳ ಅಂತರದಲ್ಲಿ ಒಂದು ಕವಲಿನ ಅರ್ಥದಿಂದ ಮೂಲನಾಡಿನ ಸಸ್ಯವರ್ಗವನ್ನು ನಿರ್ಣಯಿಸುವುದು ಸಾಹಸವೇ ಸರಿ. *ʻಇಸ್ಲ್ ಎಂಬ ರೂಪ ಮರವೊಂದಿತ್ತೆಂದು ಹೇಳುತ್ತದೆ. ಯಾವ ಮರ, ಎಲ್ಲಿಯ ಮರ ಎಂಬುದನ್ನು ಹೇಳುವುದಿಲ್ಲ. ಪುನಾರಚನೆಯನ್ನು ಗೌರವಿಸುವವರು ಅದರ ಮೌನವನ್ನೂ ಗೌರವಿಸಬೇಕು.

೪. ಅಲ್ಮುಗ್ ಶ್ರೀಗಂಧವೆ?

ಈಗ ಎರಡನೆಯ ಶಬ್ದಕ್ಕೆ ಬರೋಣ. ಬೈಬಲಿನ ಅರಸುಗಳ ಮೊದಲನೆಯ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ, ಓಫೀರಿನಿಂದ ಚಿನ್ನವನ್ನು ತಂದ ಹಡಗುಗಳು ‘ಅಲ್ಮುಗ್’ ಮರವನ್ನೂ ತಂದವೆಂದೂ, ಅರಸನು ಅದರಿಂದ ದೇವಾಲಯಕ್ಕೂ ಅರಮನೆಗೂ ಆಧಾರಗಳನ್ನು, ಗಾಯಕರಿಗೆ ತಂತಿವಾದ್ಯಗಳನ್ನು ಮಾಡಿಸಿದನೆಂದೂ ಹೇಳಿದೆ. ಪೂರ್ವಕಾಲವೃತ್ತಾಂತದ ಗ್ರಂಥದಲ್ಲಿ ಇದೇ ಶಬ್ದ ‘ಅಲ್ಗುಮ್’ ಆಗಿದೆ. ೧೮೬೧ರ ತಮ್ಮ ಭಾಷಾವಿಜ್ಞಾನದ ಉಪನ್ಯಾಸಗಳಲ್ಲಿ ಮ್ಯಾಕ್ಸ್ ಮುಲ್ಲರರು ಇದನ್ನು ಸಂಸ್ಕೃತದ ‘ವಲ್ಗುಕ’ ಎಂಬ ಚಂದನನಾಮದೊಡನೆ ಹೊಂದಿಸಿ, ಆ ಮರ ಭಾರತದ ಪಶ್ಚಿಮ ಕರಾವಳಿಯ ಕಡೆಯದೆಂದರು. ಇದಕ್ಕೆ ಕೆಲವೇ ವರ್ಷಗಳ ಹಿಂದೆ, ೧೮೫೬ರಲ್ಲಿ, ಕಾಲ್ಡ್‌ವೆಲ್ಲರು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ್ದರು. ಹೀಬ್ರೂವಿನ ‘ತುಕ್ಕಿ’ ಶಬ್ದವನ್ನು ನವಿಲಿನ ಗರಿಯೆಂಬರ್ಥದ ತಮಿಳಿನ ‘ತೋಕೈ’ಯೊಡನೆಯೂ, ‘ಅಹಾಲೀಮ್’ ಎಂಬ ಸುಗಂಧದ್ರವ್ಯವನ್ನು ‘ಅಗಿಲ್’ನೊಡನೆಯೂ ಅವರು ಹೊಂದಿಸಿದರು. ಇಬ್ಬರೂ ಮಹಾವಿದ್ವಾಂಸರು. ದ್ರಾವಿಡ ಭಾಷೆಗಳ ಬಾಂಧವ್ಯವನ್ನು ಶಾಸ್ತ್ರೀಯವಾಗಿ ಸ್ಥಾಪಿಸಿದ ಕೀರ್ತಿ ಕಾಲ್ಡ್‌ವೆಲ್ಲರದು. ಆದರೆ ತಮ್ಮ ವ್ಯಾಕರಣದಲ್ಲಿ ಅವರು ಪಾಲಿಸಿದ ಕಟ್ಟುನಿಟ್ಟು ಈ ಎರವಲು ಶಬ್ದಗಳ ಚರ್ಚೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಅಲ್ಮುಗ್ ಶ್ರೀಗಂಧವೆಂಬ ವಾದವನ್ನು ಮೂರು ಕಡೆಯಿಂದ ಪರೀಕ್ಷಿಸಬಹುದು.

ಮೊದಲನೆಯದು ಧ್ವನಿ. ‘ವಲ್ಗುಕ’ದ ವಕಾರ ಲೋಪವಾದುದೇಕೆ, ಕೊನೆಯ ಮಕಾರ ಬಂದುದೆಲ್ಲಿಂದ ಎಂಬುದಕ್ಕೆ ನಿಯಮವಿಲ್ಲ. ಸಂಸ್ಕೃತದಲ್ಲಿ ವ್ಯಾಪಕವಾದ ಹೆಸರು ‘ಚಂದನ’. ‘ವಲ್ಗುಕ’ ನಿಘಂಟುಗಳಲ್ಲಿ ಕಾಣುವ ಅಪೂರ್ವನಾಮ. ವ್ಯಾಪಾರಿಗಳು ಸರಕಿನೊಡನೆ ಪ್ರಸಿದ್ಧವಾದ ಹೆಸರನ್ನು ಬಿಟ್ಟು ಅಪೂರ್ವವಾದುದನ್ನು ಒಯ್ದರೆನ್ನುವುದು ಸಂಭಾವ್ಯವಲ್ಲ.

ಎರಡನೆಯದು ವಸ್ತು. ಶ್ರೀಗಂಧ ಚಿಕ್ಕ ಮರ. ಅದರ ಬೆಲೆಯಿರುವುದು ದಶಕಗಳ ಕಾಲ ಮೆಲ್ಲನೆ ಕೂಡುವ ಕೆಚ್ಚಿನಲ್ಲಿ. ಸಾಗರ, ಸೊರಬಗಳ ಗುಡಿಗಾರರು ಅದರಲ್ಲಿ ಪೆಟ್ಟಿಗೆ, ವಿಗ್ರಹ, ಹಾರಗಳನ್ನು ಕೆತ್ತುತ್ತಾರೆ. ಕಂಬ, ತೊಲೆಗಳನ್ನು ಮಾಡುವುದಿಲ್ಲ. ಅಲ್ಲದೆ ಹೀಬ್ರೂ ಗ್ರಂಥ ಅಲ್ಮುಗ್‌ನ ಅಪೂರ್ವತೆಯನ್ನು ಹೇಳುತ್ತದೆಯೇ ಹೊರತು ಅದರ ಪರಿಮಳದ ವಿಷಯವಾಗಿ ಒಂದಕ್ಷರವನ್ನೂ ಹೇಳುವುದಿಲ್ಲ. ಗಂಧವನ್ನು ಕಂಡವನು ಗಂಧವನ್ನೇ ಮರೆತು ವರ್ಣಿಸುವುದುಂಟೆ?

ಮೂರನೆಯದು ಕಾಲ ಮತ್ತು ದೇಶ. ಮುಲ್ಲರರ ಕಾಲದಲ್ಲಿ ತಿಳಿಯದಿದ್ದ ಸಾಕ್ಷ್ಯಗಳು ಇಪ್ಪತ್ತನೆಯ ಶತಮಾನದಲ್ಲಿ ದೊರೆತವು. ೧೯೨೯ರಿಂದ ಅಗೆದು ತೆಗೆದ ಉಗಾರಿಟ್ ನಗರದ ಫಲಕಗಳಲ್ಲಿ ‘ಅಲ್ಮ್ಗ್’ ಎಂಬ ಮರದ ಹೆಸರು ಬಂದಿದೆ. ಅಕ್ಕಾಡಿಯನ್ನಿನಲ್ಲಿ ಅದರ ರೂಪ ‘ಎಲಮ್ಮಕ್ಕು’. ಯೂಫ್ರೆಟಿಸ್ ತೀರದ ಮಾರಿ ನಗರದ ಅರಸ ಯಹ್ದುನ್-ಲಿಮ್ ತಾನು ಪಶ್ಚಿಮದ ಸಮುದ್ರದವರೆಗೆ ದಂಡೆತ್ತಿ ಹೋಗಿ, ಬೆಟ್ಟಗಳನ್ನು ಹೊಕ್ಕು, ದೇವದಾರು ಮೊದಲಾದ ಮರಗಳೊಡನೆ ಎಲಮ್ಮಕ್ಕುವನ್ನೂ ಕಡಿಸಿದೆನೆಂದು ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಇದು ಸೊಲೊಮನ್‌ಗೆ ಹೇಳುವ ಕಾಲಕ್ಕಿಂತ ಸುಮಾರು ಎಂಟುನೂರು ವರ್ಷ ಹಿಂದಿನ ಮಾತು. ಆ ಬೆಟ್ಟಗಳು ಮೆಡಿಟರೇನಿಯನ್ ಕಡಲಿನ ಪೂರ್ವತೀರದವು. ಪೂರ್ವಕಾಲವೃತ್ತಾಂತದ ಗ್ರಂಥದ ಎರಡನೆಯ ಅಧ್ಯಾಯದಲ್ಲಿಯೂ ಸೊಲೊಮನ್ ಅಲ್ಗುಮ್ ಮರವನ್ನು ಲೆಬನೋನಿನಿಂದಲೇ ಕಳುಹಿಸುವಂತೆ ತೂರಿನ ಅರಸನನ್ನು ಕೇಳುತ್ತಾನೆ. ಓಫೀರಿನ ಹಡಗಿನಲ್ಲಿ ಬಂದ ಮರವೇ ಲೆಬನೋನಿನಲ್ಲಿಯೂ ಇದ್ದುದು ಹೇಗೆಂದು ವ್ಯಾಖ್ಯಾನಕಾರರು ತೊಡಕಿಗೆ ಸಿಕ್ಕಿದ್ದರು. ಎಲಮ್ಮಕ್ಕು ಸಿರಿಯದ ಕಡೆಯ ಮರವೆಂದಾಗ ಲೆಬನೋನಿನ ಉಲ್ಲೇಖಕ್ಕೆ ಬಲ ಬರುತ್ತದೆ. ಶ್ರೀಗಂಧದ ವಾದ ನಿಲ್ಲುವುದಿಲ್ಲ.

ಅಹಾಲೀಮ್‌ನ ಸಂಗತಿಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತಳ್ಳಲಾಗದು. ಸಂಸ್ಕೃತದ ‘ಅಗುರು’, ತಮಿಳಿನ ‘ಅಗಿಲ್’, ಹೀಬ್ರೂವಿನ ‘ಅಹಾಲೀಮ್’ ಮೂರೂ ಸುಗಂಧದ ಸರಕನ್ನೇ ಹೇಳುತ್ತವೆ. ಆದರೆ ಅಗುರು ಮುಖ್ಯವಾಗಿ ಅಸ್ಸಾಮ್ ಮತ್ತು ಆಗ್ನೇಯ ಏಷ್ಯದ ಕಾಡುಗಳ ಮರ. ಗಕಾರ ಹಕಾರವಾದ ಕ್ರಮವೂ ಸ್ಥಾಪಿತವಾಗಿಲ್ಲ. ಆದ್ದರಿಂದ ಇದನ್ನು ಸಂಭಾವ್ಯವೆನ್ನಬಹುದು, ಸಿದ್ಧವೆನ್ನಲಾಗದು. ಈ ಎರಡು ಮಾತುಗಳ ನಡುವಣ ಅಂತರವನ್ನು ಉಳಿಸಿಕೊಳ್ಳುವುದೇ ವಿಮರ್ಶೆಯ ಕೆಲಸ.

೫. 'ಸಾಜ್' ಮತ್ತು 'ಸಂದಲ್'

ಹಾಗೆಂದು ನಮ್ಮ ಕಾಡಿನ ಶಬ್ದಗಳು ಸೆಮಿಟಿಕ್ ಭಾಷೆಗಳಿಗೆ ಹೋಗಲೇ ಇಲ್ಲವೆ? ಹೋಗಿವೆ. ಅರಬ್ಬಿಯಲ್ಲಿ ತೇಗಕ್ಕೆ ‘ಸಾಜ್’ ಎನ್ನುತ್ತಾರೆ. ಸಂಸ್ಕೃತದ ‘ಶಾಕ’ದಿಂದ ಮರಾಠಿಯ ‘ಸಾಗ’, ನಮ್ಮ ‘ಸಾಗುವಾನಿ’ ಬಂದಂತೆಯೇ ಅದೂ ಬಂದಿದೆ. ಪಾರಸಿಯ ‘ಗೌಹರ್’ ಅರಬ್ಬಿಯಲ್ಲಿ ‘ಜೌಹರ್’ ಆಗುತ್ತದೆ. ಅದರಂತೆ ‘ಸಾಗ’ ‘ಸಾಜ್’ ಆಗಿದೆ. ‘ಚೀನ’ ಅರಬ್ಬಿಯಲ್ಲಿ ‘ಸೀನ್’ ಆಗುತ್ತದೆ. ಅದರಂತೆ ಪಾರಸಿಯ ಮಾರ್ಗವಾಗಿ ಹೋದ ‘ಚಂದನ’ ‘ಸಂದಲ್’ ಆಗಿದೆ. ಎರಡರಲ್ಲಿಯೂ ಧ್ವನಿಕ್ರಮವುಂಟು. ವಸ್ತುವಿನ ಸಾಕ್ಷ್ಯವೂ ಉಂಟು: ತೇಗ ಅರೇಬಿಯದಲ್ಲಿ ಬೆಳೆಯದು. ಆದರೂ ಏಳನೆಯ ಶತಮಾನದಲ್ಲಿ ಖಲೀಫ ಉಸ್ಮಾನನು ಮದೀನೆಯ ಮಸೀದಿಯನ್ನು ವಿಸ್ತರಿಸಿದಾಗ ಚಾವಣಿಗೆ ಸಾಜ್ ಮರವನ್ನು ಹಾಕಿಸಿದನೆಂದು ಬುಖಾರಿಯ ಸಂಗ್ರಹದಲ್ಲಿ ಹೇಳಿದೆ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಕ್ರಿ.ಶ. ಒಂದನೆಯ ಶತಮಾನದ ‘ಎರಿತ್ರಿಯ ಸಮುದ್ರದ ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥದಲ್ಲಿ ಭರುಕಚ್ಛದಿಂದ ಪರ್ಷಿಯದ ಕೊಲ್ಲಿಗೆ ಹೋಗುತ್ತಿದ್ದ ಮರಗಳ ಹೆಸರುಗಳಿವೆ. ಷಾಫ್ ಅವರ ೧೯೧೨ರ ಭಾಷಾಂತರದಲ್ಲಿ ಅವುಗಳೊಳಗೆ ಶ್ರೀಗಂಧ ಸೇರಿದೆ. ಆದರೆ ಹಸ್ತಪ್ರತಿಯಲ್ಲಿರುವುದು ‘ಸಗಲಿನ’ ಎಂಬ ರೂಪ. ಅದನ್ನು ‘ಸಂತಲಿನ’ ಎಂದು ತಿದ್ದಿದವರು ಸಂಪಾದಕರು. ಕ್ಯಾಸನ್ ಅವರು ೧೯೮೯ರಲ್ಲಿ ಹಸ್ತಪ್ರತಿಯ ರೂಪವನ್ನೇ ಉಳಿಸಿಕೊಂಡು ಅದನ್ನು ತೇಗವೆಂದು ಭಾಷಾಂತರಿಸಿದರು. ಭಾಷಾಂತರವನ್ನೇ ಆಧಾರವಾಗಿಟ್ಟುಕೊಂಡ ಚರಿತ್ರಕಾರನು ತಿದ್ದುಪಡಿಯೊಂದರ ಮೇಲೆ ಶ್ರೀಗಂಧದ ವಾಣಿಜ್ಯವನ್ನು ಕಟ್ಟಿದಂತಾಗುತ್ತದೆ.

೬. ಉಪಸಂಹಾರ

ಮೇಲಿನ ಚರ್ಚೆಯಿಂದ ಫಲಿತವಾಗುವ ಮಾತು ಇಷ್ಟು. ಶಬ್ದವನ್ನು ಇತಿಹಾಸದ ಸಾಕ್ಷಿಯಾಗಿ ಕರೆಯುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಧ್ವನಿಗಳ ವ್ಯತ್ಯಾಸ ಬೇರೆ ಶಬ್ದಗಳಲ್ಲಿಯೂ ಕ್ರಮವಾಗಿ ಕಾಣುತ್ತದೆಯೆ? ವಸ್ತುವಿಗೂ ವರ್ಣನೆಗೂ ಹೊಂದಿಕೆಯಿದೆಯೆ? ಶಬ್ದದ ಮೊದಲ ದಾಖಲೆ ಯಾವ ಕಾಲದ್ದು, ಯಾವ ದೇಶದ್ದು? *ʻಇಸ್ಲ್ ಮೊದಲನೆಯ ಪ್ರಶ್ನೆಗೆ ಸಂಪೂರ್ಣವಾಗಿ ಉತ್ತರ ಕೊಡುತ್ತದೆ. ಮೂಲನಾಡಿನ ವಿಷಯದಲ್ಲಿ ಸುಮ್ಮನಿರುತ್ತದೆ. ಸಾಜ್ ಮೂರಕ್ಕೂ ಉತ್ತರ ಕೊಡುತ್ತದೆ. ಅಲ್ಮುಗ್ ಒಂದಕ್ಕೂ ನಮ್ಮ ಪರವಾಗಿ ಉತ್ತರ ಕೊಡುವುದಿಲ್ಲ. ಅದನ್ನು ಬಿಟ್ಟುಕೊಟ್ಟರೆ ಮಲೆನಾಡಿನ ಗೌರವಕ್ಕೆ ಕುಂದೇನೂ ಬರುವುದಿಲ್ಲ.

ಈ ಪರೀಕ್ಷೆ ಹೀಬ್ರೂ, ಅಕ್ಕಾಡಿಯನ್‌ಗಳಿಗಷ್ಟೇ ಅಲ್ಲ, ನಮ್ಮ ಊರುಗಳ ಹೆಸರುಗಳಿಗೂ ಬೇಕು. ‘ಸಾಗರ’ವೆಂಬ ಹೆಸರನ್ನು ಯಾರಾದರೂ ‘ಸಾಗುವಾನಿ’ಯ ‘ಸಾಗ’ದಿಂದ ತಂದರೆ ಕಿವಿಗೆ ಹಿತವಾಗಿಯೇ ಇರುತ್ತದೆ, ಸುತ್ತ ತೇಗವೂ ಉಂಟು. ಆದರೆ ಕೆಳದಿಯ ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರವೆಂಬ ಕೆರೆಯನ್ನು ಬಲ್ಲವರು ಅದನ್ನು ಒಪ್ಪುವುದಿಲ್ಲ. ‘ಹೊನ್ನೆಮರಡು’ ಎಂಬಲ್ಲಿ ಕಿವಿ ‘ಹೊನ್ನೆಮರ’ವನ್ನು ಕತ್ತರಿಸಿಕೊಳ್ಳಲು ಹವಣಿಸುತ್ತದೆ. ಹೊನ್ನೆ ಮರವೇ ಇರಬಹುದು. ಆದರೆ ಉಳಿದುದು ‘ಮರ’ವಲ್ಲ, ದಿಣ್ಣೆಯ ಅರ್ಥದ ‘ಮರಡು’. ಹೊನ್ನಿನ ಮರಳೆಂದು ವಿವರಿಸುವವರೂ ಉಂಟು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಧ್ಯಾಪಕರಿಗೆ ಈ ವಿಷಯ ಶುಷ್ಕಚರ್ಚೆಯಲ್ಲ. ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಎಷ್ಟೋ ಊರುಗಳು ಮುಳುಗಿದವು. ಅಲ್ಲಿಂದ ಎದ್ದುಬಂದವರ ಬಾಯಲ್ಲಿ ಆ ಊರು, ಗದ್ದೆ, ಬೆಟ್ಟ, ಮರಗಳ ಹೆಸರುಗಳು ಉಚ್ಚಾರಣೆಸಹಿತವಾಗಿ ಉಳಿದಿರುವುದು ಇನ್ನು ಕೆಲವೇ ವರ್ಷ. ಅವುಗಳ ಮೇಲೆ ಸುಲಭವಾದ ವ್ಯುತ್ಪತ್ತಿಗಳನ್ನು ಹೇರುವುದಕ್ಕೆ ಮೊದಲು, ಕೇಳಿದಂತೆಯೇ ಬರೆದಿಟ್ಟು, ಕಂದಾಯದ ದಾಖಲೆಗಳೊಡನೆಯೂ ಕೆಳದಿಯ ವಸ್ತುಸಂಗ್ರಹಾಲಯದ ತಾಳೆಗರಿ, ಕಾಗದಪತ್ರಗಳೊಡನೆಯೂ ಹೋಲಿಸಬೇಕು. ಎಲಿಫಾಂಟೀನಿನ ಪತ್ರವೊಂದು ಉಳಿಯದಿದ್ದರೆ ‘ಇಸು’ವಿಗೂ ‘ಆʻ’ಗೂ ನಡುವಣ ಸೇತುವೆ ನಮಗೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ನಮ್ಮ ವಿದ್ಯಾರ್ಥಿಗಳು ಬರೆದಿಡುವ ಹೆಸರೊಂದು ಮುಂದೆ ಅಂಥದೇ ಸಾಕ್ಷ್ಯವಾಗಬಹುದು. ಅರ್ಥನಿರ್ಣಯ ಅನಂತರದ ಕೆಲಸ. ರೂಪಸಂಗ್ರಹ ಈಗಿನ ಕೆಲಸ.